ಮಗ್ರಿಬಿನ ಹತ್ತು ನಿಮಿಷ



ಮಕ್ಕಳ ಧಾರ್ಮಿಕ ಶಿಕ್ಷಣದ ಮಾತು ಬಂದಾಗ ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ ಒಂದೇ: "ಮದ್ರಸಾಕ್ಕೆ ಕಳಿಸ್ತಾ ಇದ್ದೀವಲ್ಲ!" ಕಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ಮಗು ಒಂದು ಗಂಟೆ ಕಾಯಿದಾ ಓದುತ್ತದೆ, ಸೂರಃಗಳನ್ನು ಬಾಯಿಪಾಠ ಮಾಡುತ್ತದೆ, ನಮಾಝಿನ ವಿಧಾನ ಕಲಿಯುತ್ತದೆ. ಆದರೆ ಉಳಿದ ಇಪ್ಪತ್ಮೂರು ಗಂಟೆ ಆ ಮಗು ಎಲ್ಲಿರುತ್ತದೆ? ರುಕೂ ಹೇಗೆ, ಸುಜೂದ್ ಹೇಗೆ ಎಂಬುದನ್ನು ಮೌಲಾನಾ ಕಲಿಸಬಲ್ಲರು. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಮನೆಗೆ ನೆಂಟರು ಬಂದಿರುವಾಗ, ಮೈ ಕೈ ನೋಯುತ್ತಿರುವಾಗ ನಮಾಝಿಗೆ ಎದ್ದು ಹೋಗುವುದು ಹೇಗೆ ಎಂಬುದನ್ನು ಮಾತ್ರ ಮನೆಯೇ ಕಲಿಸಬೇಕು. ಮಗು ಅದನ್ನು ಕೇಳಿ ಕಲಿಯುವುದಿಲ್ಲ, ನೋಡಿ ಕಲಿಯುತ್ತದೆ.

ಪವಿತ್ರ ಕುರ್‌ಆನ್ ಈ ವಿಷಯವನ್ನು ಮತ್ತೆ ಮತ್ತೆ ನೆನಪಿಸುತ್ತದೆ. ಮನೆಯವರಿಗೆ ನಮಾಝಿನ ಆದೇಶ ನೀಡಬೇಕು, ತಾವೂ ಅದರಲ್ಲಿ ದೃಢವಾಗಿ ನಿಲ್ಲಬೇಕು ಎಂಬ ಆಜ್ಞೆ ಸೂರಃ ತಾಹಾದಲ್ಲಿದೆ. ಪ್ರವಾದಿ ಇಸ್ಮಾಈಲ್(ಅ)ರನ್ನು ಹೊಗಳುವಾಗ ಸೂರಃ ಮರ್ಯಮ್ ಎತ್ತಿ ಹೇಳುವ ಗುಣಗಳಲ್ಲಿ ಒಂದು, ಅವರು ತಮ್ಮ ಮನೆಯವರಿಗೆ ನಮಾಝ್ ಮತ್ತು ಝಕಾತ್‌ನ ಆದೇಶ ನೀಡುತ್ತಿದ್ದರು ಎಂಬುದು. ಫಿರ್‌ಔನನ ದಬ್ಬಾಳಿಕೆಯಡಿ ನಲುಗುತ್ತಿದ್ದ ಜನರ ವಿಷಯದಲ್ಲಿ ಪ್ರವಾದಿ ಮೂಸಾ(ಅ) ಮತ್ತು ಹಾರೂನ್(ಅ)ರಿಗೆ ಬಂದ ಆದೇಶವನ್ನು ಸೂರಃ ಯೂನುಸ್ ತಿಳಿಸುತ್ತದೆ. ಅಲ್ಲಿ ಅವರಿಗೆ ಹೇಳಿದ್ದು, ಮನೆಗಳನ್ನೇ ಆರಾಧನೆಯ ತಾಣಗಳನ್ನಾಗಿ ಮಾಡಿಕೊಂಡು ನಮಾಝ್ ಸ್ಥಾಪಿಸಿರಿ ಎಂದು. ಕಷ್ಟ ಕಾಲದಲ್ಲಿ ಒಂದು ಸಮುದಾಯದ ಈಮಾನ್ ಉಳಿಯುವುದು ಮನೆಯ ನಾಲ್ಕು ಗೋಡೆಗಳ ನಡುವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ನಮ್ಮ ರಾಯಚೂರನ್ನೇ ನೋಡಿ. ಅಲ್ಲಿನ ಏಕ್ ಮಿನಾರ್ ಮಸೀದಿಯನ್ನು ಕಟ್ಟಿದ್ದು 1513ರಲ್ಲಿ, ಬಹಮನಿ ಸುಲ್ತಾನ ಮಹಮೂದ್ ಷಾನ ಕಾಲದಲ್ಲಿ. ಏಳೇ ವರ್ಷದಲ್ಲಿ, 1520ರಲ್ಲಿ, ಇದೇ ಊರಿನ ಕೋಟೆಗಾಗಿ ದೊಡ್ಡ ಯುದ್ಧ ನಡೆದು ಕೃಷ್ಣದೇವರಾಯ ಗೆದ್ದ. ಮುಂದೆ ನಿಜಾಮರ ಆಳ್ವಿಕೆ ಬಂತು, 1948ರಲ್ಲಿ ಅದೂ ಮುಗಿಯಿತು, 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. ಇಷ್ಟೆಲ್ಲ ಏರಿಳಿತಗಳ ನಡುವೆ ಆಳುವವರು ಬದಲಾದರು, ನಾಣ್ಯ ಬದಲಾಯಿತು, ಕಚೇರಿಯ ಭಾಷೆಯೂ ಬದಲಾಯಿತು. ಆದರೆ ನಮಾಝ್ ನಮ್ಮವರೆಗೆ ಬಂದು ತಲುಪಿತು. ಅದನ್ನು ದಾಟಿಸಿದ್ದು ಬರೀ ಕಲ್ಲಿನ ಮಿನಾರವಲ್ಲ. ಹೆಸರೇ ಗೊತ್ತಿಲ್ಲದ ಎಷ್ಟೋ ತಾಯಂದಿರು, ಅಜ್ಜಿಯರು ತಮ್ಮ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದನ್ನು ದಾಟಿಸಿದರು.

ಈಗ ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಮಸೀದಿಗಳಲ್ಲಿ ಸಾಮೂಹಿಕ ನಮಾಝ್ ನಿಂತಿತು. ನಮ್ಮ ಕಡೆ ಏಪ್ರಿಲ್ 25ಕ್ಕೆ ರಮಝಾನ್ ಉಪವಾಸ ಆರಂಭವಾಯಿತು. ನಿಮ್ಮ ಮನೆಯಲ್ಲೂ ಆ ತಿಂಗಳು ಮರೆತಿರಲಾರದು. ತರಾವೀಹ್ ಮನೆಯಲ್ಲಿ, ಜಮಾಅತ್ ಮನೆಯಲ್ಲಿ, ಇಫ್ತಾರ್ ಮನೆಯವರೊಂದಿಗೆ ಮಾತ್ರ. ಗಂಡಸರು ಮುಂದೆ, ಗಂಡು ಮಕ್ಕಳು ಅವರ ಹಿಂದೆ, ಹೆಂಗಸರು ಕೊನೆಯ ಸಾಲಿನಲ್ಲಿ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಒಟ್ಟಿಗೆ ನಮಾಝಿಗೆ ನಿಲ್ಲದಿದ್ದವರು ಮೊದಲ ಬಾರಿ ಒಂದೇ ಇಮಾಮರ ಹಿಂದೆ ನಿಂತರು, ಆ ಇಮಾಮ್ ನಮ್ಮ ಮನೆಯವರೇ! ಜೂನ್ 8ರಂದು ಮಸೀದಿಗಳ ಬಾಗಿಲು ತೆರೆಯಿತು. ಅಲ್‌ಹಮ್ದುಲಿಲ್ಲಾಹ್, ಸಂತೋಷದ ವಿಷಯ. ಆದರೆ ಬಹಳಷ್ಟು ಮನೆಗಳಲ್ಲಿ ಮಸೀದಿ ತೆರೆದ ದಿನವೇ ಮನೆಯ ಸಾಲು ಚದುರಿತು. ಗಂಡಸರು ಮಸೀದಿಗೆ ಹೋದರು, ಹೆಂಗಸರು ಮತ್ತೆ ಒಬ್ಬೊಬ್ಬರೇ, ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ, ಮಕ್ಕಳು ಫೋನಿನ ಮುಂದೆ.

ಯಾಕೆ ಹೀಗಾಯಿತು? ಉತ್ಸಾಹ ಕಡಿಮೆ ಇತ್ತೇ? ಇಲ್ಲ. ಉತ್ಸಾಹ ಬಹಳ ಇತ್ತು. ಕೆಲಸವೇ ಇಲ್ಲದ ದಿನಗಳಲ್ಲಿ ಹಾಕಿಕೊಂಡ ದೊಡ್ಡ ದಿನಚರಿಯನ್ನು ಕೆಲಸವಿರುವ ದಿನಗಳು ಹೊರಲಾರದೆ ಹೋದವು, ಅಷ್ಟೇ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ ಯಾವುದೆಂಬುದರ ಬಗ್ಗೆ ಹಝ್ರತ್ ಆಯಿಶಾ(ರ) ವರದಿ ಮಾಡಿದ ಹದೀಸ್ ನಮಗೆಲ್ಲ ಗೊತ್ತು. ಅದು ಚಿಕ್ಕದಾದರೂ ಸರಿ, ಬಿಡದೆ ಮಾಡುವಂಥದ್ದಾಗಿರಬೇಕು. ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದೂ ಇಷ್ಟೇ. ಮನೆಯ ಆರಾಧನೆಯನ್ನು ನಮ್ಮ ಒಳ್ಳೆಯ ದಿನದ ಅಳತೆಗೆ ಹೊಲಿಯಬಾರದು. ಅತ್ಯಂತ ಕೆಟ್ಟ ದಿನದಲ್ಲೂ ಹೊಂದುವಷ್ಟು ಚಿಕ್ಕದಾಗಿ ಹೊಲಿಯಬೇಕು.

ನಮ್ಮದು ಗಿಲ್ಲೆಸುಗೂರು. ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿರುವ ಊರು. ಇಲ್ಲಿನ ಮನೆಗಳ ಪಾಡು ಹೇಳಿದರೆ ಮಾನ್ವಿ, ದೇವದುರ್ಗದ ಸಹೋದರಿಯರು ತಮ್ಮ ಮನೆಯದೇ ಎಂದುಕೊಳ್ಳಬಹುದು. ಹತ್ತಿ ಬಿಡಿಸುವ ಕಾಲ ಬಂತೆಂದರೆ ಹೆಂಗಸರು ಹೊತ್ತು ಮುಳುಗುವವರೆಗೂ ಹೊಲದಲ್ಲಿ. ಹತ್ತಿಕಾಯಿಯ ಒಣ ತುದಿಗಳು ಬೆರಳುಗಳನ್ನು ಗೀರಿ ವುಝೂ ಮಾಡುವಾಗ ನೀರು ತಾಗಿದರೆ ಉರಿ. ಎಷ್ಟೋ ಮನೆಗಳ ಗಂಡಸರು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ನನ್ನ ಯಜಮಾನರು ಲಾರಿ ಓಡಿಸುತ್ತಾರೆ. ತಿಂಗಳಲ್ಲಿ ಅರ್ಧ ದಿನ ಮನೆಯಲ್ಲಿರುವುದಿಲ್ಲ. ಮನೆಯಲ್ಲಿ ಅತ್ತೆ, ನಾನು, ಮಗಳು ಮತ್ತು ಚಿಕ್ಕ ಮಗ. ಐದು ಹೊತ್ತೂ ಎಲ್ಲರೂ ಒಟ್ಟಿಗೆ ಎಂದು ಹಠ ಹಿಡಿದರೆ ಅದು ಒಂದು ವಾರವೂ ನಡೆಯದು. ಐದು ಹೊತ್ತಿನ ನಮಾಝ್ ಎಲ್ಲರ ಮೇಲೂ ಕಡ್ಡಾಯ, ಅದು ಅವರವರ ಹೊಣೆ. ಮನೆ ಒಟ್ಟಾಗುವುದಕ್ಕೆ ನಾವು ಆರಿಸಿಕೊಂಡದ್ದು ಒಂದು ಹೊತ್ತು ಮಾತ್ರ, ಮಗ್ರಿಬ್.

ಮಗ್ರಿಬೇ ಯಾಕೆ ಎಂದು ಕೇಳಬಹುದು. ನಮ್ಮ ಕಡೆ ಚಳಿಗಾಲದ ಆರಂಭದಲ್ಲಿ ಐದು ಮುಕ್ಕಾಲರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಜೂನ್ ಕೊನೆಯಲ್ಲಿ ಏಳರ ಹತ್ತಿರ. ಶಾಲೆಯಿಂದ ಮಕ್ಕಳು, ಹೊಲದಿಂದ ದೊಡ್ಡವರು ಮನೆ ಸೇರುವ ಹೊತ್ತದು. ಅಕ್ಕಪಕ್ಕದ ಹಿಂದೂ ಮನೆಗಳಲ್ಲಿ ಅದು ದೀಪ ಹಚ್ಚುವ ಹೊತ್ತು. ಇಡೀ ಊರೇ ಅದನ್ನು ಮನೆಯ ಹೊತ್ತು ಎಂದು ಬಲ್ಲದು. ಸಾಲ ಕೇಳುವವರೂ ಆಗ ಬಾಗಿಲಿಗೆ ಬರುವುದಿಲ್ಲ. ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದು, ನಾವು ಚಾಪೆ ಹಾಸುತ್ತಿರುವುದನ್ನು ಕಂಡರೆ, "ನಮಾಜಿನ ಹೊತ್ತಾತೇನಕ್ಕ? ಆಮ್ಯಾಲೆ ಬರ್ತೀನಿ ಬಿಡು" ಎಂದು ಹಿಂದಿರುಗುತ್ತಾಳೆ. ಆಕೆಯೂ ಆಗ ತನ್ನ ದೇವರ ಮನೆಯಲ್ಲಿ ದೀಪ ಹಚ್ಚಬೇಕು. ಆ ಹೊತ್ತಿನ ಮರ್ಯಾದೆ ಇಬ್ಬರಿಗೂ ಗೊತ್ತು.

ಇನ್ನೊಂದು ಕಾರಣವಿದೆ. ಪ್ರಯಾಣದಲ್ಲಿರುವವರು ಝುಹರ್, ಅಸರ್, ಇಶಾಗಳ ನಾಲ್ಕು ರಕ್‌ಅತ್‌ಗಳನ್ನು ಎರಡಕ್ಕೆ ಇಳಿಸುತ್ತಾರೆ. ಮಗ್ರಿಬನ್ನು ಇಳಿಸುವಂತಿಲ್ಲ, ಪ್ರಯಾಣದಲ್ಲೂ ಅದು ಮೂರೇ. ನಮ್ಮ ಯಜಮಾನರು ಮುಂಬೈ ಕಡೆ ಹೋಗಿದ್ದರೆ ಅಲ್ಲಿ ಸೂರ್ಯ ಮುಳುಗುವುದು ನಮಗಿಂತ ಸುಮಾರು ಕಾಲು ಗಂಟೆ ತಡ. ನಮ್ಮದು ಮುಗಿಯುವ ಹೊತ್ತಿಗೆ ಅವರು ಯಾವುದೋ ಢಾಬಾದ ಬಳಿ ಲಾರಿ ನಿಲ್ಲಿಸಿ ಅದೇ ಮೂರು ರಕ್‌ಅತ್‌ಗೆ ನಿಲ್ಲುತ್ತಾರೆ. "ಈಗ ಅಬ್ಬಾ ನಮಾಝಿನಲ್ಲಿರ್ತಾರೆ" ಎಂದು ಮಗ ಹೇಳುತ್ತಾನೆ. ದೂರವಿರುವ ತಂದೆಯನ್ನು ಮಕ್ಕಳು ನಮಾಝಿನೊಂದಿಗೆ ನೆನೆಯುವುದು ಸಣ್ಣ ಸಂಗತಿಯಲ್ಲ.

ನಮಗೆ ಮಗ್ರಿಬ್ ಹೊಂದುತ್ತದೆಂದು ಎಲ್ಲರಿಗೂ ಹೊಂದಬೇಕೆಂದಿಲ್ಲ. ನಮ್ಮ ಓಣಿಯ ಒಬ್ಬ ತಾಯಿ ಕೂಲಿಗೆ ದೂರದ ಹೊಲಗಳಿಗೆ ಹೋಗುತ್ತಾಳೆ. ಟಂಟಂ ಹತ್ತಿ ಊರು ಸೇರುವಾಗಲೇ ಕತ್ತಲು. ಅವರ ಮನೆಯಲ್ಲಿ ಇಶಾ ಆದ ಮೇಲೆ, ಊಟಕ್ಕೆ ಮುಂಚೆ ಎಲ್ಲರೂ ಕೂರುತ್ತಾರೆ. ಫಜ್ರ್ ಸುಲಭವಾಗುವ ಮನೆಗಳೂ ಇವೆ. ಯಾವ ಹೊತ್ತಾದರೂ ಸರಿ, ಒಂದನ್ನು ಹಿಡಿದ ಮೇಲೆ ಬದಲಿಸಬಾರದು.

ಹೊತ್ತಿನ ನಂತರ ಜಾಗ. ಇತ್‌ಬಾನ್ ಬಿನ್ ಮಾಲಿಕ್(ರ) ಎಂಬ ಸಹಾಬಿಯ ಪ್ರಸಂಗ ಬುಖಾರಿಯಲ್ಲಿದೆ. ಅವರ ದೃಷ್ಟಿ ಮಂದವಾಗಿತ್ತು. ಮಳೆ ಬಂದರೆ ಅವರ ಮನೆಗೂ ಮಸೀದಿಗೂ ನಡುವಿನ ಹಳ್ಳ ತುಂಬಿ ಹರಿಯುತ್ತಿತ್ತು, ದಾಟಲಾಗುತ್ತಿರಲಿಲ್ಲ. ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನೇ ಮುಳುಗಿಸಿದ 2009ರ ಅಕ್ಟೋಬರನ್ನು ಕಂಡ ನಮಗೆ ಅವರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ತಮ್ಮ ಮನೆಗೆ ಬಂದು ಒಂದು ಕಡೆ ನಮಾಝ್ ಮಾಡಬೇಕು, ಆ ಜಾಗವನ್ನೇ ತಾನು ನಮಾಝಿಗೆ ಇಟ್ಟುಕೊಳ್ಳುವೆ ಎಂದು ಅವರು ಪ್ರವಾದಿ(ಸ)ರನ್ನು ಕೋರಿದರು. ಪ್ರವಾದಿ(ಸ) ಹಝ್ರತ್ ಅಬೂಬಕರ್(ರ)ರೊಂದಿಗೆ ಬಂದರು. ಬಂದವರು ಕುಳಿತುಕೊಳ್ಳುವ ಮೊದಲೇ, ಎಲ್ಲಿ ನಮಾಝ್ ಮಾಡಲಿ ಎಂದು ಕೇಳಿದರು. ಇತ್‌ಬಾನ್(ರ) ಮನೆಯ ಒಂದು ಮೂಲೆ ತೋರಿಸಿದರು. ಅಲ್ಲಿ ಎರಡು ರಕ್‌ಅತ್ ನಮಾಝ್ ನಡೆಯಿತು.

ಗಮನಿಸಿ, ಅವರಿಗೆ ಬೇಕಾದದ್ದು ಒಂದು ಮೂಲೆ. ನಮ್ಮದು ಎರಡೇ ಕೋಣೆಯ ಮನೆ. ಆದರೂ ಪಡಸಾಲೆಯಲ್ಲಿ ಒಂದು ಮೂಲೆಯನ್ನು ಬಿಟ್ಟಿದ್ದೇವೆ. ಅಲ್ಲಿ ಅಕ್ಕಿ ಚೀಲ ಇಡುವುದಿಲ್ಲ, ಚಪ್ಪಲಿ ಬಿಡುವುದಿಲ್ಲ. ಗೋಡೆಯ ಗೂಡಿನಲ್ಲಿ ಕುರ್‌ಆನ್, ಮಡಚಿದ ಜಾನಮಾಝ್‌ಗಳು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿ ಗೋಡೆಗಳೇ ಕಾದಾಗ, ಕರೆಂಟೂ ಕೈಕೊಟ್ಟಾಗ, ಅಂಗಳಕ್ಕೆ ನೀರು ಚಿಮುಕಿಸಿ ಅಲ್ಲೇ ಚಾಪೆ ಹಾಸುತ್ತೇವೆ.

ಇನ್ನು ಯಾರು ಏನು ಮಾಡಬೇಕು ಎಂಬುದು. ಯಜಮಾನರು ಊರಲ್ಲಿದ್ದಾಗ ಮಗನನ್ನು ಕರೆದುಕೊಂಡು ಮಸೀದಿಗೇ ಹೋಗುತ್ತಾರೆ, ಅದು ಹಾಗೆಯೇ ಆಗಬೇಕು. ಫರ್ಝ್ ಮುಗಿದ ಕೂಡಲೇ ಅಲ್ಲಿ ಹರಟೆಗೆ ನಿಲ್ಲದೆ ಮನೆಗೆ ಬಂದು ಎರಡು ರಕ್‌ಅತ್ ಸುನ್ನತ್ತನ್ನು ನಮ್ಮ ಮೂಲೆಯಲ್ಲಿ ಮಾಡುತ್ತಾರೆ. ಮಗ್ರಿಬಿನ ನಂತರದ ಆ ಎರಡು ರಕ್‌ಅತ್‌ಗಳನ್ನು ಪ್ರವಾದಿ(ಸ) ಮನೆಯಲ್ಲಿ ನಿರ್ವಹಿಸುತ್ತಿದ್ದರೆಂದು ಹಝ್ರತ್ ಇಬ್ನು ಉಮರ್(ರ) ತಿಳಿಸಿದ್ದಾರೆ. ನಮಾಝಿನ ಒಂದಷ್ಟು ಭಾಗವನ್ನು ಮನೆಗೂ ಇಡಬೇಕು, ಮನೆಗಳು ಗೋರಿಗಳಂತಾಗಬಾರದು ಎಂಬ ಅವರ ಉಪದೇಶವೂ ಇದೆ. ನಿಮ್ಮ ಯಜಮಾನರಿಗೂ ಇದನ್ನು ನೆನಪಿಸಿ.

ಅವರು ಇಲ್ಲದ ದಿನ? ಹೆಂಗಸರು ಮಾತ್ರ ಸೇರಿ ಜಮಾಅತ್ ಮಾಡುವ ವಿಷಯದಲ್ಲಿ ವಿದ್ವಾಂಸರ ಅಭಿಪ್ರಾಯ ಒಂದೇ ಅಲ್ಲ. ಕರಾವಳಿಯ ಸಹೋದರಿಯರಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಅದಕ್ಕೆ ಅವಕಾಶವಿದೆ, ಇಮಾಮತ್ ಮಾಡುವಾಕೆ ಸಾಲಿನ ಮಧ್ಯದಲ್ಲೇ ನಿಲ್ಲುತ್ತಾಳೆ. ನಮ್ಮ ಕಡೆ ರೂಢಿಯಲ್ಲಿರುವ ಹನಫೀ ಮದ್‌ಹಬ್ ಅದನ್ನು ಮೆಚ್ಚುವುದಿಲ್ಲ. ಮಗ ಇನ್ನೂ ಒಂಬತ್ತು ವರ್ಷದವನು, ದೊಡ್ಡವರಿಗೆ ಇಮಾಮ್ ಆಗಲಾರ. ಹಾಗಾಗಿ ನಾವು ಒಂದೇ ಸಾಲಿನಲ್ಲಿ, ಒಂದೇ ಹೊತ್ತಿಗೆ, ಅವರವರ ನಮಾಝನ್ನು ಅವರವರೇ ಮಾಡುತ್ತೇವೆ. ನಿಮ್ಮ ಮನೆಗೆ ಯಾವುದು ಸರಿ ಎಂದು ನಿಮ್ಮೂರಿನ ಆಲಿಮರನ್ನು ಕೇಳಿ ತಿಳಿದುಕೊಳ್ಳಿ. ಈ ಚರ್ಚೆಯ ನೆಪದಲ್ಲಿ ಮನೆಯ ಸಾಲು ಮಾತ್ರ ತಪ್ಪದಿರಲಿ.

ತಿಂಗಳಿನ ಕೆಲವು ದಿನ ನಮಗೆ ನಮಾಝ್ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ತಾಯಿಯ ಆ ದಿನಗಳಲ್ಲೇ ಅಭ್ಯಾಸ ಮುರಿಯುತ್ತದೆ. ಆಕೆ ಅಡುಗೆ ಮನೆಯಲ್ಲೇ ಉಳಿಯುತ್ತಾಳೆ, ಮಕ್ಕಳೂ ಚದುರುತ್ತಾರೆ. ನಾನು ಆ ದಿನಗಳಲ್ಲೂ ಅದೇ ಹೊತ್ತಿಗೆ ಅಲ್ಲೇ ಬಂದು ಕೂರುತ್ತೇನೆ. ತಸ್ಬೀಹ್, ದುಆ, ಸಲವಾತ್‌ಗಳಿಗೆ ಅಡ್ಡಿಯಿಲ್ಲವಲ್ಲ. ಮಗ ಒಮ್ಮೆ, "ಅಮ್ಮೀ, ಇವತ್ತು ನೀವ್ಯಾಕೆ ನಿಲ್ಲಲಿಲ್ಲ?" ಎಂದು ಕೇಳಿದ್ದ. "ಅಲ್ಲಾಹನು ತಾಯಂದಿರಿಗೆ ಕೆಲವು ದಿನ ರಜೆ ಕೊಟ್ಟಿದ್ದಾನೆ" ಎಂದೆ. ಅಷ್ಟು ಉತ್ತರ ಅವನಿಗೆ ಸಾಕಾಯಿತು. ಮಗಳಿಗೆ ಮಾತ್ರ ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ. ನಾಳೆ ಅವಳೂ ಈ ಜಾಗದಲ್ಲಿ ಹೀಗೆಯೇ ಕೂರಬೇಕಲ್ಲ.

ಮಕ್ಕಳಿಗೆ ಉಪದೇಶಕ್ಕಿಂತ ಕೆಲಸ ಕೊಡಿ. ಏಳು ವರ್ಷಕ್ಕೆ ಮಕ್ಕಳಿಗೆ ನಮಾಝ್ ಹೇಳಿಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅದೇ ಪ್ರವಾದಿ(ಸ) ಮೊಮ್ಮಗಳು ಉಮಾಮಾರನ್ನು ಎತ್ತಿಕೊಂಡು ನಮಾಝ್ ನಿರ್ವಹಿಸಿದರು, ಮಗುವಿನ ಅಳು ಕೇಳಿದರೆ ಅದರ ತಾಯಿಯ ಸಂಕಟ ನೆನೆದು ನಮಾಝನ್ನು ಚುಟುಕುಗೊಳಿಸಿದರು. ಆದ್ದರಿಂದ ಗದರಿಸಿ ನಿಲ್ಲಿಸಿದ ಸಾಲಿಗಿಂತ ಜವಾಬ್ದಾರಿಯಿಂದ ಬಂದು ನಿಂತ ಸಾಲು ಮೇಲು. ನಮ್ಮಲ್ಲಿ ಹೊತ್ತು ನೋಡಿ ಎಲ್ಲರನ್ನೂ ಕರೆಯುವುದು ಮಗನ ಕೆಲಸ. ಚಾಪೆ ಹಾಸುವುದು, ಅಜ್ಜಿಗೆ ಕುರ್ಚಿ ಇಡುವುದು ಮಗಳ ಕೆಲಸ. ಕೊನೆಯಲ್ಲಿ ದುಆ ಅತ್ತೆಯವರದು.

ನಮಾಝ್ ಆದ ಮೇಲೆ ಐದು ಆಯತ್‌ಗಳ ಓದು. ಮೊದಲು ಅರಬಿಯಲ್ಲಿ, ಆಮೇಲೆ ಕನ್ನಡದಲ್ಲಿ. ಇಲ್ಲಿ ನಮ್ಮ ಕಡೆಯ ಒಂದು ವಿಷಯ ಹೇಳಬೇಕು. ಅತ್ತೆ ಓದಿದ್ದು ಉರ್ದು ಶಾಲೆಯಲ್ಲಿ. ನಾನು, ಮಕ್ಕಳು ಓದಿದ್ದೆಲ್ಲ ಕನ್ನಡದಲ್ಲಿ. ಮನೆಯಲ್ಲಿ ಆಡುವುದು ದಖನಿ ಉರ್ದುವಾದರೂ ಮಕ್ಕಳಿಗೆ ಉರ್ದು ಲಿಪಿ ಬಾರದು. ಅತ್ತೆಯವರ ಉರ್ದು ತರ್ಜುಮಾ ಪೆಟ್ಟಿಗೆಯಲ್ಲೇ ಇದೆ, ಆದರೆ ಅವರ ಕಣ್ಣಿಗೆ ಆ ಅಕ್ಷರಗಳು ಈಗ ಕಾಣುವುದಿಲ್ಲ. ಹೀಗೆ ಅಜ್ಜಿಯ ತಿಳಿವು ಮೊಮ್ಮಕ್ಕಳಿಗೆ ಮುಟ್ಟದೆ ನಡುವೆಯೇ ನಿಂತುಹೋಗುವ ಮನೆಗಳು ಎಷ್ಟಿಲ್ಲ! ಮಂಗಳೂರಿನ ಶಾಂತಿ ಪ್ರಕಾಶನದ 'ದಿವ್ಯ ಕುರ್‌ಆನ್' ತರಿಸಿಕೊಂಡೆವು. ಮಗಳು ಕನ್ನಡದಲ್ಲಿ ಓದುತ್ತಾಳೆ, ಅತ್ತೆ ಕಣ್ಣು ಮುಚ್ಚಿ ಕೇಳುತ್ತಾರೆ. ನಡುವೆ, "ತಡಿ ಬೇಟಿ, ಅಲ್ಲಿ ಸಬ್ರ್ ಅಂತ ಬರ್ತದ. ಅದು ಬರೀ ಸುಮ್ಮನಿರೋದಲ್ಲ" ಎಂದು ಬಿಡಿಸಿ ಹೇಳುತ್ತಾರೆ. ಓದುವವಳು ಮೊಮ್ಮಗಳು, ಅರ್ಥ ಬಲ್ಲವರು ಅಜ್ಜಿ. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು.

ಐದು ಆಯತ್ ಬಹಳ ಕಡಿಮೆಯಾಯಿತು ಎನ್ನುತ್ತೀರಾ? ಕುರ್‌ಆನಿನಲ್ಲಿ 6,236 ಆಯತ್‌ಗಳಿವೆ. ದಿನಕ್ಕೆ ಐದರಂತೆ ತಪ್ಪದೆ ಓದಿದರೆ ಮೂರು ವರ್ಷ ಐದು ತಿಂಗಳಲ್ಲಿ ಇಡೀ ಗ್ರಂಥವನ್ನು ಅರ್ಥಸಹಿತ ಮುಗಿಸಬಹುದು. ಐದನೇ ತರಗತಿಯ ಮಗು ಒಂಬತ್ತನೇ ತರಗತಿಯಲ್ಲಿರುವಾಗ ಅದು ಮುಗಿದಿರುತ್ತದೆ. ಆರಂಭಕ್ಕೆ ಚಿಕ್ಕ ಸೂರಃ ಬೇಕಿದ್ದರೆ ಹದಿನೆಂಟು ಆಯತ್‌ಗಳ ಅಲ್ ಹುಜುರಾತ್ ಹಿಡಿಯಿರಿ, ನಾಲ್ಕೇ ದಿನ. ಗೇಲಿ ಮಾಡುವುದು, ಅಡ್ಡಹೆಸರಿಡುವುದು, ಸಂಶಯ ಪಡುವುದು, ಬೆನ್ನ ಹಿಂದೆ ಆಡಿಕೊಳ್ಳುವುದು ಎಲ್ಲದರ ಬಗ್ಗೆ ಅದರಲ್ಲಿ ಎಚ್ಚರಿಕೆಯಿದೆ. ನಾವು ಅದನ್ನು ಓದಿದ ಮರುದಿನ ಕಟ್ಟೆಯ ಮೇಲೆ ಹೆಂಗಸರ ಮಾತು ಯಾರದೋ ಮನೆಯ ಸೊಸೆಯತ್ತ ತಿರುಗಿತು. ಅತ್ತೆ ಮೆಲ್ಲನೆ ಎದ್ದು, "ನನಗ ಒಳಗ ಕೆಲಸ ಅದವ್ವಾ" ಎಂದು ಬಂದುಬಿಟ್ಟರು. ಒಳಗೆ ಕೆಲಸವೇನೂ ಇರಲಿಲ್ಲ. ಮೊಮ್ಮಕ್ಕಳು ಅದನ್ನು ನೋಡಿದರು. ಹತ್ತು ಪ್ರವಚನದ ಕೆಲಸವನ್ನು ಅದೊಂದೇ ಮಾಡಿತು.

ಇಷ್ಟು ಚಿಕ್ಕ ಅಭ್ಯಾಸ ನಿಲ್ಲುತ್ತದೆಯೇ ಎಂಬ ಅನುಮಾನ ನನಗೂ ಇತ್ತು. ಅದರ ಪರೀಕ್ಷೆ ಬಂದದ್ದು ಅತ್ತೆಯವರಿಗೆ ಜ್ವರ ಏರಿ ರಾಯಚೂರಿನ ಆಸ್ಪತ್ರೆಗೆ ಸೇರಿಸಿದಾಗ. ಯಜಮಾನರು ದೂರದಲ್ಲಿದ್ದರು. ಮಕ್ಕಳನ್ನು ಪಕ್ಕದ ಮನೆಯಾಕೆಯ ಸುಪರ್ದಿಗೆ ಬಿಟ್ಟು ನಾನು ಅತ್ತೆಯೊಂದಿಗೆ ಹೋದೆ. ಸಂಜೆ ವಾರ್ಡಿನಲ್ಲಿ ಸಲೈನ್ ಹನಿಯನ್ನು ನೋಡುತ್ತಾ ಕುಳಿತಿದ್ದೆ. ಫೋನ್ ಬಂತು, ಮಗಳದು. "ಅಮ್ಮೀ, ನಮಾಝ್ ಆಯ್ತು. ಆಂಟಿ ಮನೆಯಿಂದ ನಮ್ಮ ಮನೆಗೇ ಬಂದು ಮಾಡಿದ್ವಿ. ದಾದಿಯ ಕುರ್ಚಿನೂ ಇಟ್ಟಿದ್ವಿ. ಐದು ಆಯತ್ ನಾನೇ ಓದಿದೆ. ದುಆ ಯಾರು ಮಾಡೋದು ಅಂತ ಗೊತ್ತಾಗಲಿಲ್ಲ, ತಮ್ಮ ಮಾಡಿದ." ಏನೆಂದು ದುಆ ಮಾಡಿದ ಎಂದು ಕೇಳಿದೆ. "ದಾದಿ ಬೇಗ ಬಂದು ದುಆ ಮಾಡಲಿ ಅಂತ." ಅತ್ತೆಗೆ ಅದನ್ನು ಹೇಳಿದಾಗ ಆ ಜ್ವರದಲ್ಲೂ ನಕ್ಕರು. ಅಲ್ಲಾಹನ ಕೃಪೆಯಿಂದ ಆರನೆಯ ದಿನ ಮನೆಗೆ ಬಂದರು.

ಆ ದಿನ ಮಕ್ಕಳಿಗೆ ಹೇಳಲು ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಯಾರೂ ಗದರಿಸಲಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಚಾಪೆ ಹಾಸಿತ್ತು. ತಾಯಿ ಹೇಳಿದಾಗ ಮಾತ್ರ ನಡೆಯುವುದು ತಾಯಿಯ ಅಭ್ಯಾಸ. ತಾಯಿ ಇಲ್ಲದಾಗಲೂ ನಡೆದರೆ ಅದು ಮನೆಯ ಅಭ್ಯಾಸ. ನಮ್ಮ ಹೆಣ್ಣು ಮಕ್ಕಳು ನಾಳೆ ಹಾಸ್ಟೆಲಿಗೆ ಹೋಗುತ್ತಾರೆ, ಇನ್ನೊಂದು ಮನೆಗೆ ಸೇರುತ್ತಾರೆ. ಗಂಡು ಮಕ್ಕಳು ಕೆಲಸ ಹುಡುಕಿಕೊಂಡು ಬೆಂಗಳೂರು, ಹೈದರಾಬಾದಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ಎಬ್ಬಿಸಲು ನಾವಿರುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಅವರ ಕೈಕಾಲುಗಳೇ ವುಝೂವಿನ ನೀರನ್ನು ಹುಡುಕುವಂತಾದರೆ ನಾವು ಅವರಿಗೆ ಕೊಡಬಹುದಾದ ಬಳುವಳಿ ಅದಕ್ಕಿಂತ ದೊಡ್ಡದು ಯಾವುದಿದೆ?

ಸಹೋದರಿಯರೇ, ರಮಝಾನ್ ಬರಲಿ, ಮಕ್ಕಳ ಪರೀಕ್ಷೆ ಮುಗಿಯಲಿ, ಯಜಮಾನರು ಊರಿಗೆ ಬರಲಿ ಎಂದು ಕಾಯಬೇಡಿ. ಇವತ್ತೇ ಮನೆಯಲ್ಲಿ ಒಂದು ಮೂಲೆ ನೋಡಿ. ಅಲ್ಲಿರುವ ಚೀಲ ಸರಿಸಿ, ಗುಡಿಸಿ. ಒಂದು ಹೊತ್ತನ್ನು ಆರಿಸಿ. ಮನೆಯ ಅತಿ ಚಿಕ್ಕ ಮಗುವಿಗೆ ಒಂದು ಕೆಲಸ ಕೊಡಿ. ಮೊದಲ ದಿನ ಇಬ್ಬರೇ ನಿಂತರೂ ಸಾಕು. ಉಳಿದವರು ತಾವಾಗಿ ಬರುವಂತೆ ಅಲ್ಲಾಹನಲ್ಲಿ ಕೇಳಿಕೊಳ್ಳಿ. ನಮ್ಮನ್ನೂ ನಮ್ಮ ಸಂತತಿಯನ್ನೂ ನಮಾಝ್ ಸ್ಥಾಪಿಸುವವರ ಸಾಲಿಗೆ ಸೇರಿಸೆಂದು ಪ್ರವಾದಿ ಇಬ್ರಾಹೀಮ್(ಅ) ಬೇಡಿಕೊಂಡಂತೆ ನಾವೂ ಬೇಡೋಣ. ನಮ್ಮ ಮನೆಗಳನ್ನು ಅಲ್ಲಾಹನು ತನ್ನ ಸ್ಮರಣೆಯಿಂದ ಬೆಳಗಿಸಲಿ. ಆಮೀನ್.